ವ್ಯಾಕರಣದ ಲಿಂಗವೂ ಬದುಕಿನ ಲಿಂಗತ್ವವೂ

ಎಂಟನೆಯ ತರಗತಿಗೆ ಲಿಂಗವಿಚಾರವನ್ನು ಪಾಠಮಾಡುವ ದಿನವು ಕನ್ನಡ ಅಧ್ಯಾಪಕರಿಗೆ ಸುಲಭದ ದಿನವೆಂದು ನಾವು ಅನೇಕ ವರ್ಷ ಭಾವಿಸಿಕೊಂಡಿದ್ದೆವು. ಕರಿಹಲಗೆಯ ಮೇಲೆ ಎರಡು ಗೆರೆ ಎಳೆದರೆ ಮೂರು ಮನೆಗಳಾಗುತ್ತವೆ. ಮೊದಲನೆಯದರಲ್ಲಿ ಅರಸ, ಅಣ್ಣ, ಹುಡುಗ. ಎರಡನೆಯದರಲ್ಲಿ ಅರಸಿ, ಅಕ್ಕ, ಹುಡುಗಿ. ಮೂರನೆಯದರಲ್ಲಿ ಮರ, ಕಲ್ಲು, ಹಸು. ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಬಾರಿಸುತ್ತದೆ, ಪಾಠ ಮುಗಿಯುತ್ತದೆ.

ಕಳೆದ ಜೂನ್ ತಿಂಗಳಲ್ಲಿ ಈ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸಾರ್, ಮಂಗಳೂರಿಗೆ ಹೋಗುವ ರೈಲಿನಲ್ಲಿ ಚಪ್ಪಾಳೆ ತಟ್ಟಿಕೊಂಡು ಬರುತ್ತಾರಲ್ಲ, ಅವರನ್ನು ಯಾವ ಮನೆಯಲ್ಲಿ ಬರೆಯಬೇಕು?" ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ "ನಪುಂಸಕಲಿಂಗ" ಎಂಬ ಉತ್ತರವೂ ಬಂತು. ಕೇಳಿದವಳು ಮಾತ್ರ ನಗಲಿಲ್ಲ. ಸ್ವಲ್ಪ ತಡೆದು ಇನ್ನೊಂದು ಮಾತನ್ನೂ ಸೇರಿಸಿದಳು: "ಈ ಮನೆಗಳನ್ನೇ ಅಳಿಸಿಬಿಟ್ಟರೆ ಆಗದೇ?"

ಆ ಕ್ಷಣದಲ್ಲಿ ನಮಗೆ ನೆನಪಾದುದು ಹನ್ನೆರಡು ವರ್ಷಗಳ ಹಿಂದಿನ ಒಂದು ತರಗತಿ. ಆಗ ನಾವು ಬೇರೊಂದು ಶಾಲೆಯಲ್ಲಿದ್ದೆವು. ಅಲ್ಲಿ ಒಂದು ಮಗು ಇತ್ತು. ಶಾಲಾ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ದಮಯಂತಿಯ ವೇಷ ಹಾಕಿ ಊರಿನವರಿಂದ ಶಹಬ್ಬಾಸ್ ಎನಿಸಿಕೊಂಡಿತ್ತು. ಆದರೆ ಆ ಮಗುವಿನ ನಡೆ, ದನಿ, ಕೈಬೀಸುವ ರೀತಿ ರಂಗಸ್ಥಳದಿಂದ ಇಳಿದ ಮೇಲೂ ಹಾಗೆಯೇ ಇದ್ದುದರಿಂದ ಬೆಂಚಿನ ಜತೆಗಾರರಿಗೆ ಅದು ತಮಾಷೆಯ ವಸ್ತುವಾಯಿತು. ನಾವು ಲಿಂಗವಿಚಾರದ ಪಾಠ ಮಾಡಿದ ಮರುದಿನದಿಂದ ಅದಕ್ಕೆ "ನಪುಂಸಕಲಿಂಗ" ಎಂಬ ಅಡ್ಡಹೆಸರು ಅಂಟಿಕೊಂಡಿತು. ಮೊದಲ ಸಲ ಅದು ನಮ್ಮ ಕಿವಿಗೆ ಬಿದ್ದಾಗ ನಾವು "ಸದ್ದು" ಎಂದೆವು. ಆದರೆ ಹಾಗೆನ್ನುವಾಗ ಸ್ವಲ್ಪ ನಕ್ಕಿದ್ದೆವು. ಅಧ್ಯಾಪಕರ ನಗೆಯು ಮಕ್ಕಳಿಗೆ ಪರವಾನಗಿ ಇದ್ದಂತೆ. ಓಣಂ ರಜೆ ಕಳೆದು ಶಾಲೆ ತೆರೆದಾಗ ಆ ಮಗು ಬರಲಿಲ್ಲ. ಅಣ್ಣನೊಬ್ಬ ಬಂದು ಟಿ.ಸಿ. ಕೇಳಿದ. ಅರ್ಜಿ ತುಂಬಲು ನಾವೇ ನೆರವಾದೆವು. ಕಾರಣವೆಂಬಲ್ಲಿ "ರಕ್ಷಕರ ಇಚ್ಛೆಯ ಮೇರೆಗೆ" ಎಂದು ಬರೆದೆವು. ಅದು ಸುಳ್ಳೆಂದು ಬರೆಯುವಾಗಲೇ ನಮಗೆ ಗೊತ್ತಿತ್ತು.

ಆದುದರಿಂದ ಈ ವರ್ಷದ ಪ್ರಶ್ನೆಗೆ ನಗಲು ನಮ್ಮಿಂದಾಗಲಿಲ್ಲ. ಲಿಂಗದ ಮನೆಗಳನ್ನು ಅಳಿಸಬೇಕೆ, ಉಳಿಸಬೇಕೆ ಎಂಬ ವಿಚಾರದಲ್ಲಿ ಅವುಗಳಿಂದ ಅತ್ಯಂತ ನೋವುಂಡವರೇ ಏನು ಹೇಳುತ್ತಾರೆಂದು ಓದಿ ತಿಳಿದುಕೊಂಡೆವು. ತಿಳಿದುದನ್ನು ವಿದ್ಯಾರ್ಥಿ ಮಿತ್ರರ ಮುಂದೆ ಪಾಠದ ರೂಪದಲ್ಲಿ ಇಡುತ್ತಿದ್ದೇವೆ.

1. ವ್ಯಾಕರಣ ಏನು ಹೇಳುತ್ತದೆ?

ಮೊದಲು ವ್ಯಾಕರಣವನ್ನೇ ವಿಚಾರಿಸೋಣ. ಲಿಂಗವೆಂಬುದು ಎಲ್ಲ ಭಾಷೆಗಳಲ್ಲೂ ಒಂದೇ ತೆರನಾಗಿಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥವುಳ್ಳ ಮೂರು ಶಬ್ದಗಳನ್ನು ತೆಗೆದುಕೊಳ್ಳಿ. 'ಭಾರ್ಯಾ' ಸ್ತ್ರೀಲಿಂಗ, 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ. ವ್ಯಕ್ತಿ ಒಬ್ಬಳೇ, ಲಿಂಗ ಮೂರು! ಅಲ್ಲಿ ಲಿಂಗವು ಶಬ್ದಕ್ಕೆ ಸೇರಿದ್ದು, ವ್ಯಕ್ತಿಗಲ್ಲ. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಅರ್ಥವನ್ನು ನೋಡಿ ಲಿಂಗವನ್ನು ಹೇಳುತ್ತೇವೆ. ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕಲಿಂಗ. ಹೀಗಿರುವಲ್ಲಿ ಕನ್ನಡದಲ್ಲಿ 'ಬಂದನು' ಎಂದರೂ 'ಬಂದಳು' ಎಂದರೂ ನಾವು ಶಬ್ದದ ವಿಚಾರವನ್ನಷ್ಟೇ ಹೇಳಿದಂತಾಗುವುದಿಲ್ಲ, ಆ ವ್ಯಕ್ತಿಯ ವಿಚಾರದಲ್ಲಿ ಒಂದು ತೀರ್ಪು ಕೊಟ್ಟಂತಾಗುತ್ತದೆ.

ಆದರೂ ನಮ್ಮ ವೈಯಾಕರಣರು ಮೂರೇ ಮನೆಗಳಲ್ಲಿ ಸಮಾಧಾನಪಟ್ಟವರಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಒಂಬತ್ತು ಲಿಂಗಗಳನ್ನು ಹೇಳಿದ್ದಾನೆ. ಎರಡು ಲಿಂಗಗಳಲ್ಲಿ ನಡೆಯುವ ಶಬ್ದಗಳುಂಟು. ಸೂರ್ಯ ಮೂಡಿದನು ಎಂದರೂ ಸರಿ, ಸೂರ್ಯ ಮೂಡಿತು ಎಂದರೂ ಸರಿ. ಸಂದರ್ಭಕ್ಕೆ ತಕ್ಕಂತೆ ಲಿಂಗವನ್ನು ತಾಳುವ ಶಬ್ದಗಳುಂಟು. ನಾನು, ನೀನು, ತಾನು ಎಂಬುವು ಈ ಜಾತಿಯವು. ಕೇಶಿರಾಜನು ಹೇಳಿದ್ದು ಶಬ್ದಗಳ ವಿಚಾರವನ್ನೇ ಹೊರತು ಮನುಷ್ಯರ ವಿಚಾರವನ್ನಲ್ಲ, ನಿಜ. ಆದರೆ ಲೋಕದಲ್ಲಿರುವುದು ಮನೆಗಳಿಗೆ ಹೊಂದದಿದ್ದರೆ ಮನೆಗಳನ್ನು ಹೆಚ್ಚಿಸಬೇಕಲ್ಲದೆ ಲೋಕವನ್ನು ಕತ್ತರಿಸಬಾರದೆಂಬ ವಿವೇಕ ಅವನಲ್ಲಿತ್ತು.

ನಪುಂಸಕಲಿಂಗವು ಬೈಗುಳವೂ ಅಲ್ಲ. ಮಗು ಅತ್ತಿತು, ಕೂಸು ನಕ್ಕಿತು ಎನ್ನುವಾಗ ನಮಗೆ ಪ್ರೀತಿ ಕಡಮೆಯಾಗಿರುವುದಿಲ್ಲ. ನಮ್ಮ ಕಾಸರಗೋಡು ಕಡೆಯ ಹವ್ಯಕರ ಮನೆಮಾತಿನಲ್ಲಿ "ಅಕ್ಕ ಬಂತು" ಎಂದೇ ಹೇಳುವುದು. ಅದರಿಂದ ಅಕ್ಕನಿಗೆ ಅವಮಾನವಾಯಿತೆಂದು ಯಾರೂ ತಿಳಿಯರು. ಒಂದು ಪಾರಿಭಾಷಿಕ ಶಬ್ದವನ್ನು ಬೈಗುಳವಾಗಿ ಮಾಡಿದವರು ಮನುಷ್ಯರು.

2. ಹೆಸರುಗಳ ವಿಚಾರ

ಇನ್ನು ಬದುಕಿಗೆ ಬರೋಣ. ಹುಟ್ಟಿದಾಗ ಮಗುವಿನ ದೇಹವನ್ನು ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆಯುತ್ತಾರೆ. ಬೆಳೆಯುತ್ತ ಹೋದಂತೆ ಮನುಷ್ಯನು ತಾನು ಇಂಥವನು ಅಥವಾ ಇಂಥವಳು ಎಂದು ಒಳಗೆ ಅರಿತುಕೊಳ್ಳುತ್ತಾನೆ. ಈ ಅರಿವಿಗೆ ಇಂದು ಲಿಂಗತ್ವ ಎಂಬ ಶಬ್ದವನ್ನು ಬಳಸುತ್ತಾರೆ. ಹೆಚ್ಚಿನವರಲ್ಲಿ ಬರೆದದ್ದೂ ಅರಿತದ್ದೂ ಒಂದೇ ಆಗಿರುತ್ತದೆ. ಯಾರಲ್ಲಿ ಅವೆರಡೂ ಹೊಂದುವುದಿಲ್ಲವೋ ಅವರನ್ನು ಟ್ರಾನ್ಸ್‌ಜೆಂಡರ್ ಎನ್ನುತ್ತಾರೆ. ಗಂಡೆಂದು ಬರೆಯಲ್ಪಟ್ಟು ಹೆಣ್ಣಾಗಿ ಬದುಕುವವರು, ಹೆಣ್ಣೆಂದು ಬರೆಯಲ್ಪಟ್ಟು ಗಂಡಾಗಿ ಬದುಕುವವರು, ಎರಡೂ ಅಲ್ಲವೆನ್ನುವವರು, ಎಲ್ಲರೂ ಇದರಲ್ಲಿ ಸೇರುತ್ತಾರೆ. ಹುಟ್ಟುವಾಗಲೇ ದೇಹಲಕ್ಷಣಗಳು ಗಂಡು ಹೆಣ್ಣೆಂಬ ಎರಡು ಮಾದರಿಗಳಿಗೂ ಪೂರ್ತಿ ಹೊಂದದವರು ಬೇರೆ, ಅವರನ್ನು ಅಂತರಲಿಂಗಿಗಳೆನ್ನುತ್ತಾರೆ. ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವುದು ಕಲೆ. ಅಷ್ಟರಿಂದಲೇ ಕಲಾವಿದನ ಲಿಂಗತ್ವದ ಬಗ್ಗೆ ಏನನ್ನೂ ಹೇಳಬರುವುದಿಲ್ಲ.

ನಮ್ಮ ನಾಡಿನಲ್ಲಿ ಇವರಿಗೆ ಹಳೆಯ ಹೆಸರುಗಳೂ ಇವೆ. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಸೇವೆಗೆ ಮುಡಿಪಾದ ಜೋಗಪ್ಪ, ಜೋಗತಿಯರಿದ್ದಾರೆ. ಹಲವೆಡೆ ಹಿಜ್ರಾ ಸಮುದಾಯವಿದೆ. ತಮಿಳಿನಲ್ಲಿ ತಿರುನಂಗೈ ಎಂಬ ಗೌರವದ ಹೆಸರು ಬಳಕೆಗೆ ಬಂದಿದೆ. ಕನ್ನಡ ಪತ್ರಿಕೆಗಳಲ್ಲಿ ಮಂಗಳಮುಖಿ ಎಂದೂ ಲಿಂಗತ್ವ ಅಲ್ಪಸಂಖ್ಯಾತರೆಂದೂ ಬರೆಯುತ್ತಾರೆ. ಬೃಹನ್ನಳೆಯ ಪ್ರಸಂಗವನ್ನು ನಾವು ಬೆಳಗಾಗುವವರೆಗೆ ಕುಳಿತು ನೋಡುತ್ತೇವೆ, ಅರ್ಧನಾರೀಶ್ವರನಿಗೆ ಕೈಮುಗಿಯುತ್ತೇವೆ. ಆದರೆ ಬಸ್ಸಿನಲ್ಲಿ ಇಂಥವರೊಬ್ಬರು ಬಂದು ಪಕ್ಕದಲ್ಲಿ ಕುಳಿತರೆ ಎದ್ದು ನಿಲ್ಲುತ್ತೇವೆ. ಕತೆಯಲ್ಲಿ ಕೊಟ್ಟ ಸ್ಥಾನವನ್ನು ಬದುಕಿನಲ್ಲಿ ಕೊಟ್ಟಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

3. ಮೂರು ಅಭಿಪ್ರಾಯಗಳು

ಗಂಡು, ಹೆಣ್ಣು ಎಂಬ ಭೇದವೇ ಹೋಗಲಿ ಎಂದು ಟ್ರಾನ್ಸ್‌ಜೆಂಡರ್ ಜನರೆಲ್ಲರೂ ಒಂದೇ ದನಿಯಲ್ಲಿ ಹೇಳುತ್ತಿರಬಹುದೆಂದು ಹೊರಗಿನಿಂದ ನೋಡುವವರಿಗೆ ತೋರುತ್ತದೆ. ನಮಗೂ ಹಾಗೆಯೇ ತೋರಿತ್ತು. ಓದಿ ನೋಡಿದಾಗ ಅವರಲ್ಲಿ ಮೂರು ಬಗೆಯ ಅಭಿಪ್ರಾಯಗಳಿವೆಯೆಂದು ತಿಳಿಯಿತು.

ಮೊದಲನೆಯ ಅಭಿಪ್ರಾಯ: ಮನೆಗಳು ಇರಲಿ, ನಮ್ಮನ್ನು ನಮ್ಮ ಮನೆಗೆ ಸೇರಿಸಿ. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಕನ್ನಡಕ್ಕೆ ಬಂದಾಗ ಅದಕ್ಕೆ 'ನಾನು ಅವನಲ್ಲ ಅವಳು' ಎಂದು ಹೆಸರಾಯಿತು. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ಅವರು ನಿರ್ದೇಶಿಸಿದ ಚಲನಚಿತ್ರ 2015ರಲ್ಲಿ ತೆರೆಗೆ ಬಂತು. ಅದರ ನಟ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಆ ಹೆಸರನ್ನು ವ್ಯಾಕರಣದ ಕಣ್ಣಿನಿಂದ ನೋಡಿರಿ. ಅದರಲ್ಲಿ ಎರಡು ಸರ್ವನಾಮಗಳಿವೆ. ಒಂದನ್ನು ಬಿಡುವುದು, ಇನ್ನೊಂದನ್ನು ಹಿಡಿಯುವುದು, ಇಷ್ಟೇ ಅಲ್ಲಿನ ಮಾತು. 'ಅವಳು' ಎಂಬ ಒಂದು ಶಬ್ದಕ್ಕಾಗಿ ಮನೆ ಮಾರು, ತಂದೆ ತಾಯಿ ಎಲ್ಲರನ್ನೂ ಕಳೆದುಕೊಂಡವರ ಮುಂದೆ ನಿಂತು 'ಅವಳು' ಎಂಬ ಶಬ್ದವನ್ನೇ ರದ್ದುಮಾಡೋಣವೆಂದರೆ, ದೂರದಿಂದ ನಡೆದು ಬಂದವರ ಎದುರಿಗೆ ಬಾಗಿಲು ಹಾಕಿದಂತಾಗುತ್ತದೆ. ಅಮೆರಿಕದ ಲೇಖಕಿ ಜೂಲಿಯಾ ಸೆರಾನೋ ಅವರು 2007ರಲ್ಲಿ ಪ್ರಕಟಿಸಿದ 'ವಿಪ್ಪಿಂಗ್ ಗರ್ಲ್' ಎಂಬ ಗ್ರಂಥದಲ್ಲಿ ಇದಕ್ಕೆ ಹತ್ತಿರದ ವಾದವನ್ನೇ ಮಾಡಿದ್ದಾರೆ. ಗಂಡು ಹೆಣ್ಣೆಂಬ ಭೇದವನ್ನು ಒಡೆಯುವ ಹೊಣೆಯನ್ನು ಟ್ರಾನ್ಸ್‌ಜೆಂಡರ್ ಜನರ ತಲೆಯ ಮೇಲೆ ಮಾತ್ರ ಹೊರಿಸುವುದನ್ನು ಅವರು ಟೀಕಿಸಿದರು. ಇತರರು ಗಂಡಾಗಿ ಹೆಣ್ಣಾಗಿ ನೆಮ್ಮದಿಯಿಂದ ಇರಬಹುದಾದರೆ ಇವರಿಗೇಕೆ ಅದು ಸಲ್ಲದು?

ಎರಡನೆಯ ಅಭಿಪ್ರಾಯ: ನಮಗೆ ನಮ್ಮದೇ ಆದ ಮನೆ ಬೇಕು. ಜೋಗತಿಯರು, ಹಿಜ್ರಾಗಳು ತಲೆತಲಾಂತರದಿಂದ ಗುರು ಶಿಷ್ಯ ಸಂಬಂಧ, ಹಾಡು, ಕುಣಿತ, ಆಚಾರಗಳನ್ನು ಉಳಿಸಿಕೊಂಡು ಬಂದವರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದ ಕಲಾವಿದೆ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಇಂಥ ಪರಂಪರೆಗೆ ಹೆಸರೇ ಇಲ್ಲದಂತೆ ಮಾಡಿದರೆ ಅದರ ಜತೆಗೆ ಹಾಡೂ ಹೋಗುತ್ತದೆ, ಹಕ್ಕೂ ಹೋಗುತ್ತದೆ. ಹಕ್ಕಿನ ವಿಚಾರವನ್ನು ಮುಂದೆ ಹೇಳುತ್ತೇವೆ.

ಮೂರನೆಯ ಅಭಿಪ್ರಾಯ: ಮನೆಗಳೇ ಬೇಡ. ಅಮೆರಿಕದ ಕೇಟ್ ಬಾರ್ನ್‌ಸ್ಟೈನ್ ಅವರು 1994ರಲ್ಲಿ ಬರೆದ 'ಜೆಂಡರ್ ಔಟ್‌ಲಾ' ಎಂಬ ಗ್ರಂಥದಲ್ಲಿ ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲವೆಂದು ಸಾರಿದರು. ಎರಡೇ ಮನೆಗಳೆಂಬ ಕಟ್ಟಳೆಯೇ ಮನುಷ್ಯರನ್ನು ಕಟ್ಟಿಹಾಕುತ್ತದೆಂದು ವಾದಿಸಿದರು. ಈ ಮಾತು ಕನ್ನಡಿಗರಿಗೆ ಪೂರ್ತಿ ಹೊಸದೇನೂ ಅಲ್ಲ. ದೇಹದ ಗುರುತುಗಳನ್ನು ನೋಡಿ ಜನರು ಹೆಣ್ಣು ಗಂಡೆನ್ನುತ್ತಾರೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂಬ ಭಾವವನ್ನು ಜೇಡರ ದಾಸಿಮಯ್ಯನ ವಚನದಲ್ಲಿ ನಾವು ಓದಿದ್ದೇವೆ. ಆದರೆ ವಚನಕಾರನು ಆತ್ಮದ ವಿಚಾರವನ್ನು ಹೇಳಿದನು. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದು ದೇಹ. ಅದಕ್ಕೆ ಕಾರ್ಡು ಬೇಕು, ಕಾರ್ಡಿನಲ್ಲಿ ಒಂದು ಮಾತು ಬರೆಯಬೇಕು. ಅದಕ್ಕೆ ಏನು ದಾರಿ ಎಂಬುದನ್ನು ಈಗ ನೋಡೋಣ.

4. ಪಟ್ಟಿಯ ಎರಡು ಮುಖಗಳು

ಪಟ್ಟಿಯಲ್ಲಿ ಹೆಸರು ಬರೆಯುವುದು ಕೆಲವೊಮ್ಮೆ ಸೆರೆಮನೆಯ ಬಾಗಿಲಾಗುತ್ತದೆ. 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಅದರ ಎರಡನೆಯ ಭಾಗದಲ್ಲಿ 'ನಪುಂಸಕರು' ಎಂದು ಸರಕಾರ ಕರೆದವರ ಹೆಸರು, ವಾಸಸ್ಥಳಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಏರ್ಪಾಡಿತ್ತು. ಹಾಗೆ ಬರೆಯಲ್ಪಟ್ಟವರು ಹೆಂಗಸರ ಉಡುಪು ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೂ, ಕುಣಿದರೂ ಶಿಕ್ಷೆಯಾಗುತ್ತಿತ್ತು. ಬ್ರಿಟಿಷರು ಹೋದ ಮೇಲೂ ಆ ಬುದ್ಧಿ ಹೋಗಲಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಸೆಕ್ಷನ್ ಸೇರಿಸಿ ಇಂಥದೇ ಪಟ್ಟಿ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಗಿತ್ತು. ಸಮುದಾಯದವರು ನ್ಯಾಯಾಲಯಕ್ಕೆ ಹೋದ ಬಳಿಕ ಆ ಶಬ್ದವನ್ನು ಅಲ್ಲಿಂದ ತೆಗೆಯಲಾಯಿತು. ಇಂಥ ಪಟ್ಟಿಯನ್ನು ಕಂಡವರು ಪಟ್ಟಿಯೇ ಬೇಡವೆಂದರೆ ಆಶ್ಚರ್ಯವೇನು?

ಆದರೆ ಪಟ್ಟಿಯಲ್ಲಿ ಹೆಸರು ಇಲ್ಲದಿರುವುದೂ ಒಂದು ಶಿಕ್ಷೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬುವುಗಳ ಜತೆಗೆ 'ಇತರ' ಎಂದು ಬರೆಸುವ ಅವಕಾಶ ದೊರೆಯಿತು. ದೇಶದಲ್ಲಿ 4,87,803 ಮಂದಿಯ ಹೆಸರು ಹಾಗೆ ದಾಖಲಾಯಿತು. ಕರ್ನಾಟಕದಲ್ಲಿ 20,266, ಕೇರಳದಲ್ಲಿ 3,902. ಹೇಳಿಕೊಳ್ಳಲು ಅಂಜಿದವರು ಇದರಲ್ಲಿ ಸೇರಿಲ್ಲ. ಆದರೂ ಅಲ್ಲಿಯವರೆಗೆ ಸರಕಾರದ ಲೆಕ್ಕದಲ್ಲಿ ಇವರ ಸಂಖ್ಯೆ ಸೊನ್ನೆಯಾಗಿತ್ತೆಂಬುದನ್ನು ನೆನೆಯಬೇಕು. ಲೆಕ್ಕದಲ್ಲಿಲ್ಲದವರಿಗೆ ಪಿಂಚಣಿಯಿಲ್ಲ, ಮನೆಯಿಲ್ಲ, ಮೀಸಲಾತಿಯಿಲ್ಲ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ಕೊಟ್ಟ ತೀರ್ಪು ಈ ದಿಸೆಯಲ್ಲಿ ದೊಡ್ಡ ಹೆಜ್ಜೆ. ಗಂಡು, ಹೆಣ್ಣು ಅಥವಾ ತೃತೀಯ ಲಿಂಗ ಎಂದು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಇದೆಯೆಂದು ಆ ತೀರ್ಪು ಹೇಳಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವುದು ತಪ್ಪೆಂದಿತು. ಸಾಮಾಜಿಕವಾಗಿ ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕೊಡಿರೆಂದೂ ಆದೇಶಿಸಿತು. 2015ರಲ್ಲಿ ನಮ್ಮ ಕೇರಳವು ದೇಶದಲ್ಲೇ ಮೊದಲಾಗಿ ಒಂದು ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿತು. 2021ರಲ್ಲಿ ಕರ್ನಾಟಕವು ಸರಕಾರಿ ನೇಮಕಾತಿಯ ನಿಯಮಗಳನ್ನು ತಿದ್ದಿ ಶೇಕಡಾ 1ರಷ್ಟು ಹುದ್ದೆಗಳನ್ನು ಮೀಸಲಿಟ್ಟಿತು. ಆ ಮೀಸಲಾತಿ ಪ್ರತ್ಯೇಕವಾಗಿ ಒಂದು ಕಡೆ ಇಟ್ಟದ್ದಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ, ಈ ಪ್ರತಿಯೊಂದರ ಒಳಗೂ ಹಂಚಿಟ್ಟದ್ದು. ತಮಿಳುನಾಡಿನ ಹೋರಾಟಗಾರ್ತಿ ಗ್ರೇಸ್ ಬಾನು ಅವರು ತಮ್ಮ ರಾಜ್ಯದಲ್ಲಿ ಕೇಳುತ್ತ ಬಂದುದೂ ಇಂಥದನ್ನೇ. ಅವರು ದಲಿತರೂ ಹೌದು, ಟ್ರಾನ್ಸ್‌ಜೆಂಡರ್ ಕೂಡ ಹೌದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂದರೆ ಅದು ನ್ಯಾಯವಾಗದು.

ಈ ಎರಡು ಬಗೆಯ ಪಟ್ಟಿಗಳಿಗೂ ಇರುವ ವ್ಯತ್ಯಾಸವೇನು? 1871ರ ಪಟ್ಟಿಯನ್ನು ಪೊಲೀಸರು ಬರೆದರು. 2014ರ ತೀರ್ಪು ಬರೆಯುವ ಲೇಖನಿಯನ್ನು ವ್ಯಕ್ತಿಯ ಕೈಗೇ ಕೊಡಹೊರಟಿತು. ಪಟ್ಟಿ ಒಳ್ಳೆಯದೇ ಕೆಟ್ಟದ್ದೇ ಎಂಬುದಕ್ಕಿಂತ ಅದನ್ನು ಬರೆಯುವ ಕೈ ಯಾರದು, ಬರೆಯುವುದು ಏತಕ್ಕಾಗಿ ಎಂಬುದೇ ಮುಖ್ಯ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿದಾಗ ಸಮುದಾಯದ ಹಲವರು ಅದನ್ನು ವಿರೋಧಿಸಿದ್ದು ಈ ಕಾರಣಕ್ಕಾಗಿಯೇ. ಕೈಗೆ ಬಂದ ಲೇಖನಿ ಮತ್ತೆ ಕಚೇರಿಯ ಮೇಜಿಗೆ ಹೋಯಿತೆಂದು ಅವರಿಗೆ ತೋರಿತು.

5. ಎಲ್ಲಿ ಅಳಿಸಬೇಕು, ಎಲ್ಲಿ ಉಳಿಸಬೇಕು?

ಎಲ್ಲವನ್ನೂ ಅಳಿಸುವುದು, ಎಲ್ಲವನ್ನೂ ಉಳಿಸುವುದು, ಈ ಎರಡೇ ದಾರಿಗಳೆಂದು ತಿಳಿಯಬೇಕಾಗಿಲ್ಲ.

ಕೋಳಿಕ್ಕೋಡಿನ ಒಂದು ಟ್ರಾನ್ಸ್‌ಜೆಂಡರ್ ದಂಪತಿಗಳಿಗೆ 2023ರಲ್ಲಿ ಮಗು ಹುಟ್ಟಿತು. ಹೆತ್ತವರು ಗಂಡಾಗಿ ಬದುಕುವವರು. ಅವರ ಸಂಗಾತಿ ಹೆಣ್ಣಾಗಿ ಬದುಕುವವರು. ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬ ಎರಡು ಅಂಕಣಗಳು. ಯಾರನ್ನು ಎಲ್ಲಿ ಬರೆದರೂ ಮಗುವು ದೊಡ್ಡದಾದಾಗ ಶಾಲೆಯಲ್ಲಿ, ಕಚೇರಿಯಲ್ಲಿ ವಿವರಣೆ ಕೊಡುತ್ತ ಹೋಗಬೇಕು. ಅವರು ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಹೆತ್ತವರು ಎಂಬರ್ಥದ ಒಂದೇ ಶಬ್ದದಡಿಯಲ್ಲಿ ಇಬ್ಬರ ಹೆಸರನ್ನೂ ಬರೆಯಿರೆಂದು ಬೇಡಿದರು. 2025ರ ಜೂನಿನಲ್ಲಿ ನ್ಯಾಯಾಲಯ ಅದನ್ನು ಒಪ್ಪಿತು. ಇಲ್ಲಿ ಒಂದು ಭೇದ ಅಳಿಯಿತು. ಆದರೆ ಅವರಿಬ್ಬರೂ ತಾವು ಗಂಡು, ತಾವು ಹೆಣ್ಣು ಎಂಬುದನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ಗಮನಿಸಬೇಕು. ಕಾಗದದ ಮೇಲೆ ಬೇಡದ ಕಡೆ ಮಾತ್ರ ಅಳಿಸಿದರು.

ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆಯೂ ಅಂತರಲಿಂಗಿ ವ್ಯಕ್ತಿಯೊಬ್ಬರ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. 2017ರ ಅಕ್ಟೋಬರಿನಲ್ಲಿ ಅದು ಕೊಟ್ಟ ತೀರ್ಪು ಬಹಳ ಸ್ವಾರಸ್ಯಕರವಾದುದು: ಒಂದೋ ಯಾರ ಲಿಂಗವನ್ನೂ ದಾಖಲಿಸಬೇಡಿರಿ, ಇಲ್ಲವೇ ಗಂಡು ಹೆಣ್ಣಲ್ಲದವರಿಗೂ ಒಂದು ಗೌರವದ ಹೆಸರನ್ನು ಕೊಡಿರಿ. ಎರಡು ದಾರಿಗಳಲ್ಲಿ ಎರಡನೆಯದನ್ನು ಅಲ್ಲಿನ ಸಂಸತ್ತು 2018ರಲ್ಲಿ ಆರಿಸಿಕೊಂಡಿತು. ಇಂಡೋನೇಷ್ಯದ ಯೋಗ್ಯಕರ್ತ ನಗರದ ಹೆಸರಿನಲ್ಲಿ ಪ್ರಸಿದ್ಧವಾದ ಮಾನವಹಕ್ಕುಗಳ ಸೂತ್ರಗಳಿವೆ. ಅವುಗಳಿಗೆ 2017ರಲ್ಲಿ ಸೇರಿಸಿದ ಭಾಗವು ಮೊದಲನೆಯ ದಾರಿಯನ್ನು ಹಿಡಿದಿದೆ. ಗುರುತಿನ ಪತ್ರಗಳಲ್ಲಿ ಲಿಂಗವನ್ನು ಬರೆಯುವುದನ್ನೇ ನಿಲ್ಲಿಸಿರೆನ್ನುತ್ತದೆ. ಎಲ್ಲಿಯವರೆಗೆ ಬರೆಯುತ್ತೀರೋ ಅಲ್ಲಿಯವರೆಗೆ ವ್ಯಕ್ತಿ ಹೇಳಿದಂತೆ ಬರೆಯಿರೆಂದೂ ಅದು ಸೇರಿಸುತ್ತದೆ. ಇವು ತಜ್ಞರು ರೂಪಿಸಿದ ಸೂತ್ರಗಳು, ಕಾನೂನಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ನಿಯಮ ಹೊಳೆಯುತ್ತದೆ. ಯಾವ ಕೆಲಸಕ್ಕೆ ಲಿಂಗದ ಅಗತ್ಯವೇ ಇಲ್ಲವೋ ಅಲ್ಲಿ ಅದನ್ನು ಕೇಳಬಾರದು. ವಾಚನಾಲಯದ ಕಾರ್ಡಿಗೂ ರಸಪ್ರಶ್ನೆ ಸ್ಪರ್ಧೆಗೂ ಅದು ಏಕೆ? ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಙರದ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 2018ರಲ್ಲಿ ಹುಡುಗ ಹುಡುಗಿಯರೆಲ್ಲರಿಗೂ ಒಂದೇ ಬಗೆಯ ಸಮವಸ್ತ್ರ ಮಾಡಿದಾಗ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಓಡಲು ಆಡಲು ಎಲ್ಲರಿಗೂ ಹಗುರವಾಯಿತು. ಆದರೆ ಅನ್ಯಾಯವನ್ನು ಅಳೆಯಲಿಕ್ಕೂ ಸರಿಪಡಿಸಲಿಕ್ಕೂ ಎಲ್ಲಿ ಲೆಕ್ಕ ಬೇಕೋ ಅಲ್ಲಿ ಕೇಳಬೇಕು, ಮತ್ತು ಹೇಳುವವರ ಮಾತನ್ನು ಹೇಳಿದಂತೆ ಬರೆಯಬೇಕು.

6. ನೆರೆಭಾಷೆ ಕಲಿಸುವ ಪಾಠ

ಶಬ್ದಗಳನ್ನೇ ಅಳಿಸಿದರೆ ಭೇದ ತಾನಾಗಿ ಹೋಗುತ್ತದೆಂದು ಕೆಲವರು ತಿಳಿಯಬಹುದು. ಗಡಿನಾಡಿನ ಮಕ್ಕಳಾದ ನಿಮಗೆ ಇದನ್ನು ಪರೀಕ್ಷಿಸಿ ನೋಡುವ ಸಾಧನ ಕೈಯಲ್ಲೇ ಇದೆ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಮೂರು ರೂಪಗಳಾದರೆ ಮಲಯಾಳದಲ್ಲಿ ಮೂರಕ್ಕೂ 'ವನ್ನು' ಎಂಬ ಒಂದೇ ರೂಪ. ಹಳೆಯ ಮಲಯಾಳದಲ್ಲಿದ್ದ ಪ್ರತ್ಯಯಗಳು ಕಾಲಕ್ರಮದಲ್ಲಿ ಉದುರಿಹೋದವು. ಬಂಗಾಳಿ ಭಾಷೆಯಲ್ಲಂತೂ ಅವನು, ಅವಳು ಎಂಬ ಎರಡಕ್ಕೂ ಒಂದೇ ಸರ್ವನಾಮ. ಹಾಗೆಂದು ಕೇರಳದಲ್ಲಿಯೋ ಬಂಗಾಳದಲ್ಲಿಯೋ ಇಂಥವರಿಗೆ ಬಾಡಿಗೆಗೆ ಮನೆ ಸುಲಭವಾಗಿ ಸಿಕ್ಕಿತೇ? ಕ್ರಿಯಾಪದದಿಂದ ಲಿಂಗ ಹೋಗಿ ಶತಮಾನಗಳಾದ ನಾಡಿನಲ್ಲೇ 2015ರಲ್ಲಿ ಒಂದು ನೀತಿಯ ಅಗತ್ಯ ಕಂಡುಬಂತು. ಬಾಯಿಂದ ಹೋದದ್ದು ಮನಸ್ಸಿನಿಂದ ಹೋಗಿರಲಿಲ್ಲ ಎಂದೇ ಇದರ ಅರ್ಥ.

ಕನ್ನಡದ ಕ್ರಿಯಾಪದದಲ್ಲಿ ಇನ್ನೊಂದು ಪಾಠವೂ ಇದೆ. ನಾನು ಬಂದೆನು, ನೀನು ಬಂದೆ. ಇಲ್ಲಿ ಲಿಂಗವೆಲ್ಲಿದೆ? ಉತ್ತಮ ಪುರುಷದಲ್ಲಿಯೂ ಮಧ್ಯಮ ಪುರುಷದಲ್ಲಿಯೂ ನಮ್ಮ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ತನ್ನ ಮಾತನ್ನು ತಾನು ಹೇಳುವಾಗ, ಎದುರಿಗಿರುವವರ ಮುಖ ನೋಡಿ ಮಾತನಾಡುವಾಗ ಗಂಡೆ ಹೆಣ್ಣೆ ಎಂಬ ಪ್ರಶ್ನೆಯನ್ನು ಕನ್ನಡ ಕೇಳುವುದಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರೊಡನೆ ಮಾತನಾಡುವಾಗ, ಅಂದರೆ ಪ್ರಥಮ ಪುರುಷದಲ್ಲಿ ಮಾತ್ರ ಅದು ಬರುತ್ತದೆ. ಅಲ್ಲಿಯೂ 'ಅವರು ಬಂದರು' ಎಂದು ಗೌರವದಿಂದ ಹೇಳಿದರೆ ಲಿಂಗ ಹಿಂದೆ ಸರಿಯುತ್ತದೆ. ಯಾರ ವಿಚಾರದಲ್ಲಿ ನಮಗೆ ಸಂಶಯವಿದೆಯೋ ಅವರ ಬೆನ್ನ ಹಿಂದೆ ಊಹಿಸುವುದನ್ನು ಬಿಟ್ಟು ಎದುರಿಗೆ ನಿಂತು 'ನೀವು' ಎಂದು ಕೇಳಬೇಕು. ಅವರು 'ಅವಳು' ಎನ್ನಿರೆಂದರೆ ಅವಳು, 'ಅವನು' ಎನ್ನಿರೆಂದರೆ ಅವನು, ಎರಡೂ ಬೇಡವೆಂದರೆ ಅವರು.

7. ಕೊನೆಯ ಮಾತು

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಮ್ಮ ಉತ್ತರವಿದು. ಮಗಳೇ, ಕರಿಹಲಗೆಯ ಮೇಲಿನ ಮನೆಗಳನ್ನು ಪಾಠಕ್ಕಾಗಿ ಹಾಗೆಯೇ ಇಟ್ಟುಕೊಳ್ಳೋಣ. ಶಬ್ದಗಳನ್ನು ಅದರಲ್ಲಿ ಬರೆಯೋಣ. ಮನುಷ್ಯರನ್ನು ಬರೆಯುವ ಪ್ರಸಂಗ ಬಂದರೆ ಬಳಪವನ್ನು ಅವರ ಕೈಗೆ ಕೊಡೋಣ. ಒಬ್ಬರು ಮೊದಲನೆಯ ಮನೆಯಲ್ಲಿ, ಇನ್ನೊಬ್ಬರು ಎರಡನೆಯದರಲ್ಲಿ ಬರೆದುಕೊಂಡಾರು. ಮತ್ತೊಬ್ಬರು ಗೆರೆಯಾಚೆಗೆ ಹೊಸದೊಂದು ಮನೆ ಮಾಡಿಯಾರು. ಇನ್ನೂ ಒಬ್ಬರು ಬರೆಯದೆ ಬಳಪವನ್ನು ಹಿಂದಕ್ಕೆ ಕೊಟ್ಟಾರು. ನಾಲ್ಕೂ ಸರಿಯುತ್ತರಗಳೆಂದು ನಾವು ಅಂಕ ಕೊಡುತ್ತೇವೆ.

ಈ ವರ್ಷದಿಂದ ನಮ್ಮ ತರಗತಿಯಲ್ಲಿ ರಸಪ್ರಶ್ನೆಗೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಎಂಬ ಪದ್ಧತಿಯನ್ನು ಬಿಟ್ಟಿದ್ದೇವೆ. 'ನಪುಂಸಕಲಿಂಗ' ಎಂಬ ಶಬ್ದವನ್ನು ಯಾರಾದರೂ ಹಿಂದಿನ ಬೆಂಚಿನಿಂದ ಕೂಗಿದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಆ ಶಬ್ದದ ಅರ್ಥವನ್ನು ಮತ್ತೊಮ್ಮೆ ಹೇಳಿ ಮುಂದುವರಿಯುತ್ತೇವೆ. ಇವು ಸಣ್ಣ ಕೆಲಸಗಳು. ಹನ್ನೆರಡು ವರ್ಷಗಳ ಹಿಂದೆ ಇಷ್ಟನ್ನಾದರೂ ಮಾಡಿದ್ದರೆ ಒಂದು ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಉಳಿಯುತ್ತಿತ್ತು.

ಈ ಲೇಖನದಲ್ಲಿ ಆ ವಿದ್ಯಾರ್ಥಿಯನ್ನು ನಾವು ಉದ್ದಕ್ಕೂ 'ಮಗು' ಎಂದೇ ಬರೆದಿದ್ದೇವೆ. ಇಂದು ಅವನೆನ್ನಬೇಕೋ ಅವಳೆನ್ನಬೇಕೋ ನಮಗೆ ತಿಳಿಯದು, ಏಕೆಂದರೆ ಅಂದು ನಾವು ಕೇಳಲಿಲ್ಲ. 'ಬಂದನು', 'ಬಂದಳು' ಎನ್ನಲು ಲಿಂಗ ಬೇಕು. 'ಬರಲಿಲ್ಲ' ಎನ್ನಲು ಬೇಡ. ಇನ್ನು ಮುಂದೆ ಈ ಕಾರಣಕ್ಕಾಗಿ ಯಾವ ಮಗುವಿನ ವಿಷಯದಲ್ಲಿಯೂ 'ಬರಲಿಲ್ಲ' ಎಂದು ಬರೆಯುವ ಪ್ರಸಂಗ ನಮ್ಮ ಶಾಲೆಗೆ ಬಾರದಿರಲಿ.

ಅಭ್ಯಾಸ

1. ಸಂಸ್ಕೃತದ ಲಿಂಗವ್ಯವಸ್ಥೆಗೂ ಕನ್ನಡದ ಲಿಂಗವ್ಯವಸ್ಥೆಗೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ವಿವರಿಸಿರಿ.
2. ಲಿಂಗದ ಮನೆಗಳ ವಿಚಾರದಲ್ಲಿ ಟ್ರಾನ್ಸ್‌ಜೆಂಡರ್ ಜನರಲ್ಲಿರುವ ಮೂರು ಅಭಿಪ್ರಾಯಗಳು ಯಾವುವು? ನಿಮಗೆ ಯಾವುದು ಒಪ್ಪಿಗೆ? ಏಕೆ?
3. 1871ರ ಪಟ್ಟಿಗೂ 2011ರ ಜನಗಣತಿಗೂ ಇರುವ ವ್ಯತ್ಯಾಸವೇನು?
4. 'ಬರು' ಧಾತುವಿನ ಭೂತಕಾಲದ ರೂಪಗಳನ್ನು ಕನ್ನಡ, ಮಲಯಾಳ ಹಾಗೂ ನಿಮ್ಮ ಮನೆಮಾತಿನಲ್ಲಿ ಬರೆದು, ಎಲ್ಲಿ ಲಿಂಗಭೇದವಿದೆ, ಎಲ್ಲಿ ಇಲ್ಲವೆಂದು ಗುರುತಿಸಿರಿ.
5. ನಮ್ಮ ಶಾಲೆಯ ಯಾವುದಾದರೂ ಮೂರು ನಮೂನೆಗಳನ್ನು ತಂದು ನೋಡಿರಿ. ಅವುಗಳಲ್ಲಿ ಲಿಂಗವನ್ನು ಕೇಳುವುದು ಎಲ್ಲಿ ಅಗತ್ಯ, ಎಲ್ಲಿ ಅನಗತ್ಯ? ಕಾರಣ ಕೊಟ್ಟು ಬರೆಯಿರಿ.